ಉಬ್ಬರದ ನೀರಲ್ಲಿ ವರ್ಷಕ್ಕೊಂದು ಬೆಳೆ: ಬೋರ್ನಿಯೋದ ಬಂಜಾರ್ ರೈತರ ಹಳ್ಳಿ ಹೇಗೆ ಬದುಕುತ್ತದೆ?

2023ರ ಜುಲೈನಲ್ಲಿ ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ದೇಶದೊಳಗೆ ಬೆಲೆ ಏರಬಾರದು ಅನ್ನೋದು ಉದ್ದೇಶ. ಅದರ ಬಿಸಿ ತಟ್ಟಿದ ದೇಶಗಳಲ್ಲಿ ಇಂಡೋನೇಷ್ಯಾವೂ ಒಂದು. ಅಲ್ಲಿಯ ಜನಕ್ಕೂ ಅನ್ನವೇ ಊಟ. ಅದೇ ವರ್ಷ ಎಲ್ ನಿನೋ ಕಾರಣಕ್ಕೆ ಅಲ್ಲಿ ಮಳೆ ಕೈಕೊಟ್ಟಿತ್ತು. ಕೊನೆಗೆ ಆ ದೇಶ ಸುಮಾರು 30 ಲಕ್ಷ ಟನ್ ಅಕ್ಕಿಯನ್ನು ಹೊರಗಿನಿಂದ ತರಿಸಿಕೊಂಡಿತು. ನಮ್ಮ ಅಕ್ಕಿ ನಾವೇ ಬೆಳೆದುಕೊಳ್ಳಬೇಕು ಎಂಬ ಮಾತು ಅಲ್ಲಿ ಹಿಂದಿನಿಂದಲೂ ಇತ್ತು. ಈಗ ಅದು ಇನ್ನಷ್ಟು ಜೋರಾಯಿತು.

ಬೆಳೆಯುವುದು ಎಲ್ಲಿ? ಜಾವಾ ದ್ವೀಪದಲ್ಲಿ ಜಾಗವಿಲ್ಲ. ಅಲ್ಲಿ ಗದ್ದೆಗಳು ಮನೆ, ಕಾರ್ಖಾನೆ, ಹೆದ್ದಾರಿಗಳಾಗುತ್ತಿವೆ. ಹಾಗಾಗಿ ಸರ್ಕಾರದ ಕಣ್ಣು ಬೋರ್ನಿಯೋ ದ್ವೀಪದ ದಕ್ಷಿಣದ ಜೌಗು ನೆಲದ ಮೇಲಿದೆ. ಬೋರ್ನಿಯೋದ ಇಂಡೋನೇಷ್ಯಾ ಭಾಗಕ್ಕೆ ಕಾಲಿಮಂತಾನ್ ಎಂದು ಹೆಸರು.

ಆದರೆ ಆ ಜೌಗು ಖಾಲಿ ಬಿದ್ದ ನೆಲವಲ್ಲ. ಅಲ್ಲಿ ತಲೆಮಾರುಗಳಿಂದ ಬಂಜಾರ್ ರೈತರು ಭತ್ತ ಬೆಳೆಯುತ್ತಿದ್ದಾರೆ. ಅವರು ಬೆಳೆಯುವುದು ವರ್ಷಕ್ಕೆ ಒಂದೇ ಬೆಳೆ. ಬಿತ್ತನೆಯಿಂದ ಕೊಯ್ಲಿಗೆ ಎಂಟು, ಒಂಬತ್ತು, ಕೆಲವೊಮ್ಮೆ ಹತ್ತು ತಿಂಗಳು. ಹೊರಗಿನಿಂದ ನೋಡಿದವರಿಗೆ ಇದು ಹಳೇ ಕಾಲದ ನಿಧಾನದ ಬೇಸಾಯ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಆ ನಿಧಾನಕ್ಕೆ ಗಟ್ಟಿ ಕಾರಣಗಳಿವೆ. ಆ ಕಾರಣ ತಿಳಿಯದೆ ಮಾಡಿದ ದೊಡ್ಡ ಯೋಜನೆಗಳು ಮಣ್ಣುಪಾಲಾಗಿವೆ.

ಯಾರು ಈ ಬಂಜಾರ್ ಜನ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಲಂಬಾಣಿ ಬಂಜಾರರಿಗೂ ಇವರಿಗೂ ಯಾವ ಸಂಬಂಧವೂ ಇಲ್ಲ.

ಬಂಜಾರ್ ಜನ ಬೋರ್ನಿಯೋದ ದಕ್ಷಿಣ ತುದಿಯವರು. ಅವರ ಪ್ರಾಂತ್ಯದ ಹೆಸರು ದಕ್ಷಿಣ ಕಾಲಿಮಂತಾನ್. ದೊಡ್ಡ ಊರು ಬಂಜಾರ್‌ಮಾಸಿನ್. ಮಾತು ಬಂಜಾರ್ ಭಾಷೆ, ಅದು ಮಲಯ್ ಭಾಷೆಗೆ ಹತ್ತಿರದ್ದು. ಧರ್ಮ ಇಸ್ಲಾಂ. 2010ರ ಇಂಡೋನೇಷ್ಯಾ ಜನಗಣತಿಯಲ್ಲಿ ಸುಮಾರು 41 ಲಕ್ಷ ಜನ ತಾವು ಬಂಜಾರ್ ಎಂದು ಬರೆಸಿದ್ದರು. ಹಿಂದೆ ಇವರದ್ದೇ ಸುಲ್ತಾನರ ರಾಜ್ಯವಿತ್ತು. 1860ರಲ್ಲಿ ಡಚ್ಚರು ಅದನ್ನು ರದ್ದು ಮಾಡಿದರು.

ಇವರ ನೆಲದಲ್ಲಿ ಮೂರು ಬಗೆ. ಪೂರ್ವಕ್ಕೆ ಮೆರಾತುಸ್ ಬೆಟ್ಟಸಾಲು ಮತ್ತು ಅದರ ಬುಡದ ಒಣನೆಲ. ಅಲ್ಲಿ ರಬ್ಬರ್ ತೋಟ ಜಾಸ್ತಿ. ನಡುವೆ ಮಳೆನೀರು ತಿಂಗಳುಗಟ್ಟಲೆ ನಿಲ್ಲುವ ತಗ್ಗು. ಅಲ್ಲಿ ಅಲಾಬಿಯೋ ಎಂಬ ಹೆಸರುವಾಸಿ ಬಾತುಕೋಳಿ ಸಾಕುತ್ತಾರೆ. ನೀರಿನ ಮೇಲೆ ಮರದ ಅಟ್ಟಣೆ ಕಟ್ಟಿ ಎಮ್ಮೆ ಕೂಡಿಹಾಕುತ್ತಾರೆ. ಆ ಎಮ್ಮೆಗಳು ಹಗಲಲ್ಲಿ ಈಜಿಕೊಂಡು ಹೋಗಿ ಮೇಯ್ದು ಸಂಜೆಗೆ ಅಟ್ಟಣೆ ಹತ್ತುತ್ತವೆ. ಮೂರನೆಯದು ಬಾರಿತೋ ನದಿ ಸಮುದ್ರ ಸೇರುವ ಕಡೆಯ ಉಬ್ಬರದ ನೆಲ. ಬಾರಿತೋ ಕುವಾಲಾ ಎಂಬ ಜಿಲ್ಲೆ ಇರುವುದು ಇಲ್ಲೇ. ಪ್ರಾಂತ್ಯದ ಭತ್ತದ ಕಣಜ ಎಂದು ಕರೆಯುವುದು ಈ ಜಿಲ್ಲೆಯನ್ನೇ. ನಾವು ಇಲ್ಲಿ ನೋಡುವುದು ಈ ಮೂರನೇ ಬಗೆಯ ಹಳ್ಳಿ.

ಕಾಲುವೆಯೇ ಊರಿನ ಬೀದಿ

ಸಮುದ್ರದ ಉಬ್ಬರ ನಮಗೆ ಗೊತ್ತು. ಕರಾವಳಿಯವರಿಗಂತೂ ದಿನನಿತ್ಯದ್ದು. ಬಾರಿತೋ ಕಡೆ ಇದರ ಪರಿಣಾಮ ನದಿಯೊಳಗೆ ಬಹಳ ದೂರದವರೆಗೆ ಇರುತ್ತದೆ, ಯಾಕೆಂದರೆ ನೆಲ ಪೂರ್ತಿ ಚಪ್ಪಟೆ. ಸಮುದ್ರ ಏರಿದಾಗ ನದಿಯ ನೀರಿಗೆ ಕೆಳಗಿಳಿಯಲು ದಾರಿ ಸಿಗುವುದಿಲ್ಲ. ಅದು ಹಿಂದಕ್ಕೆ ತಳ್ಳಿಸಿಕೊಂಡು ಏರುತ್ತದೆ. ಹೀಗೆ ಏರುವುದು ಉಪ್ಪುನೀರಲ್ಲ, ನದಿಯ ಸಿಹಿನೀರು. ಸಮುದ್ರವೇ ಪಂಪಿನ ಕೆಲಸ ಮಾಡಿ ಗದ್ದೆಗೆ ಸಿಹಿನೀರು ಹತ್ತಿಸುತ್ತದೆ. ಇಳಿತದಲ್ಲಿ ಅದೇ ನೀರು ವಾಪಸು ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಏರುವುದು ಜಾಸ್ತಿ.

ಈ ನೀರನ್ನು ಒಳಗೆ ಕರೆದುಕೊಳ್ಳಲು ಬಂಜಾರ್ ರೈತರು ನದಿಯಿಂದ ಕಾಡಿನ ಕಡೆಗೆ ನೇರ ಕಾಲುವೆ ತೋಡುತ್ತಾರೆ. ಅದಕ್ಕೆ ಹಂಡಿಲ್ ಎನ್ನುತ್ತಾರೆ. ಉದ್ದ ಎರಡು ಮೂರು ಕಿಲೋಮೀಟರ್. ಅಗಲ ಕೆಲವೇ ಮೀಟರ್. ಆಳ ಅಂತೂ ತೀರಾ ಕಡಿಮೆ. ಆ ಆಳ ಯಾಕೆ ಕಡಿಮೆ ಅನ್ನೋದು ಮುಂದೆ ಗೊತ್ತಾಗುತ್ತದೆ, ಇಡೀ ಕಥೆಯ ಕೀಲಿ ಅದರಲ್ಲಿದೆ.

ಹಂಡಿಲ್ ತೋಡುವುದು ಒಬ್ಬರ ಕೆಲಸವಲ್ಲ. ಕೆಲವು ಕುಟುಂಬಗಳು ಸೇರಿ ಶುರು ಮಾಡುತ್ತವೆ. ಕಾಲುವೆಯ ಎರಡೂ ಕಡೆ ಪಟ್ಟಿ ಪಟ್ಟಿಯಾಗಿ ಜಮೀನು ಹಂಚಿಕೊಳ್ಳುತ್ತವೆ. ಅವರಲ್ಲೊಬ್ಬ ಹಿರಿಯ ಹಂಡಿಲಿನ ಮುಖ್ಯಸ್ಥ. ಪ್ರತಿವರ್ಷ ಹೂಳು, ಕಳೆ ತೆಗೆಯಲು ಎಲ್ಲರನ್ನೂ ಕರೆಯುವವನು ಅವನೇ. ಬರಲಾಗದವರು ಹಣ ಕೊಡಬೇಕು. ಎಷ್ಟೋ ಕಡೆ ಊರಿಗೆ ಬಂದಿರುವುದೂ ಹಂಡಿಲಿನ ಹೆಸರೇ.

ಮನೆಗಳು ಕಾಲುವೆಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಇರುತ್ತವೆ. ಮರದ ಕಂಬಗಳ ಮೇಲೆ ನಿಂತ ಮನೆಗಳು. ಒಳ್ಳೆ ಮನೆಯಾದರೆ ಕಂಬ ಉಲಿನ್ ಮರದ್ದು. ನೀರಲ್ಲಿ ಎಷ್ಟು ವರ್ಷ ನಿಂತರೂ ಕೊಳೆಯದ ಮರ ಅದು, ಈಗ ಸಿಗುವುದೇ ಅಪರೂಪ. ಮನೆ ಮುಂದೆ ಜುಕುಂಗ್ ಎಂಬ ಕಿರುದೋಣಿ. ಮೋಟಾರು ಹಾಕಿದ ದೊಡ್ಡ ದೋಣಿಗೆ ಕ್ಲೋತೋಕ್ ಎಂದು ಹೆಸರು. ಊರಿನ ನಡುವೆ ಮಸೀದಿ, ಅಲ್ಲಲ್ಲಿ ಸಣ್ಣ ಪ್ರಾರ್ಥನಾ ಮನೆ. ಈಗ ಬಹಳ ಊರುಗಳಿಗೆ ರಸ್ತೆ ಬಂದಿದೆ. 1997ರಲ್ಲಿ ಬಾರಿತೋ ನದಿಗೆ ದೊಡ್ಡ ಸೇತುವೆ ಆದ ಮೇಲೆ ಲಾರಿ, ಬೈಕುಗಳು ಆಚೆ ದಡದ ಹಳ್ಳಿಗಳನ್ನು ಸುಲಭವಾಗಿ ಮುಟ್ಟುವಂತಾಯಿತು.

ಡಚ್ಚರ ಕಾಲದಲ್ಲಿ ಎರಡು ದೊಡ್ಡ ನದಿಗಳನ್ನು ಜೋಡಿಸುವ ಅಗಲ ಕಾಲುವೆಗಳು ಬಂದವು. ಇವಕ್ಕೆ ಅಂಜಿರ್ ಎನ್ನುತ್ತಾರೆ. ಬಾರಿತೋ ಮತ್ತು ಕಪುವಾಸ್ ನದಿಗಳ ನಡುವಿನ ಅಂಜಿರ್ ಸೆರಾಪತ್ 19ನೇ ಶತಮಾನದ ಕೊನೆಯ ಭಾಗದ್ದು. ತೋಡಿದ್ದು ದೋಣಿ ಓಡಾಟಕ್ಕೆ. ಆದರೆ ರೈತರು ಸುಮ್ನೆ ಕೂರಲಿಲ್ಲ, ಅದರ ಎರಡೂ ದಡಗಳಿಂದ ಹಂಡಿಲ್ ತೆಗೆದು ಗದ್ದೆ ಮಾಡಿಕೊಂಡರು. ಅದಕ್ಕೂ ಹಿಂದೆ, 18ನೇ ಶತಮಾನದಲ್ಲಿ, ಮೆಕ್ಕಾದಲ್ಲಿ ದಶಕಗಳ ಕಾಲ ಓದಿ ಬಂದ ಧರ್ಮಗುರು ಮುಹಮ್ಮದ್ ಅರ್ಷದ್ ಅಲ್ ಬಂಜಾರಿ ಮಾರ್ತಪುರದ ಬಳಿ ಜನರನ್ನು ಸೇರಿಸಿ ಕಾಲುವೆ ತೋಡಿಸಿದ್ದರು. ಓದು, ನಮಾಜು, ಗದ್ದೆ ಮೂರೂ ಒಂದೇ ಕಡೆ ಇರಬೇಕು ಎಂಬುದು ಅಲ್ಲಿಂದ ಬಂದ ನಡೆ.

ನೆಲದೊಳಗೆ ಏನಿದೆ?

ಈಗ ಮುಖ್ಯ ವಿಷಯ. ಈ ಜೌಗಿನ ಮೇಲ್ಪದರದಲ್ಲಿ ಕೊಳೆತ ಎಲೆ, ಬೇರುಗಳ ಕಪ್ಪು ಪೀಟ್ ಮಣ್ಣು ಇರುತ್ತದೆ. ಕೆಲವೆಡೆ ಗೇಣುದ್ದ, ಕೆಲವೆಡೆ ಆಳೆತ್ತರಕ್ಕಿಂತ ಜಾಸ್ತಿ. ಅದರ ಕೆಳಗೆ ಜೇಡಿ. ಆ ಜೇಡಿಯಲ್ಲಿ ಪೈರೈಟ್ ಎಂಬ ಖನಿಜವಿದೆ, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ವಸ್ತು. ಸಾವಿರಾರು ವರ್ಷಗಳ ಹಿಂದೆ ಸಮುದ್ರದ ನೀರು ಇಲ್ಲಿ ಹರಡಿದ್ದಾಗ ಕೂಡಿಕೊಂಡದ್ದು.

ಪೈರೈಟ್ ನೀರಿನಡಿ ಇರುವಷ್ಟು ಕಾಲ ಏನೂ ತೊಂದರೆಯಿಲ್ಲ. ನೀರು ಇಳಿದು ಗಾಳಿ ತಾಗಿತೋ, ಅದು ಗಂಧಕಾಮ್ಲವಾಗುತ್ತದೆ. ಬ್ಯಾಟರಿಯಲ್ಲಿ ಹಾಕುವ ಆಮ್ಲವೇ ಇದು. ಮಣ್ಣು ಹುಳಿಯಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಕರಗಿ ನೀರಿಗೆ ಬಂದು ಬೇರು ಸುಡುತ್ತವೆ. ಕಾಲುವೆಯ ನೀರು ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಮೀನು ಸಾಯುತ್ತದೆ. ಒಮ್ಮೆ ಹೀಗಾದರೆ ಸರಿಮಾಡಲು ವರ್ಷಗಳು ಬೇಕು. ಬೂದಿ ಮುಚ್ಚಿದ ಕೆಂಡ ಅಂತೀವಲ್ಲ, ಇದು ಹಾಗೆಯೇ. ಇಲ್ಲಿ ಬೂದಿಯ ಜಾಗದಲ್ಲಿರುವುದು ನೀರು.

ಹಂಡಿಲ್ ಯಾಕೆ ಆಳವಿಲ್ಲ ಅಂದರೆ ಇದಕ್ಕೇ. ಆಳವಾಗಿ ತೋಡಿದರೆ ಸುತ್ತಲಿನ ನೆಲದ ನೀರು ಬಸಿದುಹೋಗುತ್ತದೆ, ಪೈರೈಟ್ ಗಾಳಿಗೆ ಬೀಳುತ್ತದೆ. ಬಂಜಾರ್ ರೈತರ ಕಾಲುವೆ ಮೇಲಿನ ಹುಳಿನೀರನ್ನು ಮಾತ್ರ ಇಳಿತದಲ್ಲಿ ಹೊರಗೆ ಬಿಡುತ್ತದೆ, ಉಬ್ಬರದಲ್ಲಿ ಹೊಸ ನೀರು ತರುತ್ತದೆ. ಬೇಸಿಗೆ ಬಂದಾಗ ಕಾಲುವೆಗೆ ಮಣ್ಣು, ಮರ ಹಾಕಿ ತಡೆ ಕಟ್ಟುತ್ತಾರೆ. ಇದಕ್ಕೆ ತಾಬತ್ ಎಂದು ಹೆಸರು. ಒಳಗಿನ ನೀರು ಒಳಗೇ ನಿಲ್ಲಲಿ ಎಂದು.

ಉಳುಮೆಯಲ್ಲೂ ಇದೇ ಎಚ್ಚರಿಕೆ. ಇಲ್ಲಿ ನೇಗಿಲು ಹಾಕುವುದಿಲ್ಲ. ಬದಲಿಗೆ ತಾಜಕ್ ಎಂಬ ಉದ್ದ ಹಿಡಿಯ, ಅಗಲ ಅಲಗಿನ ಕತ್ತಿಯಿದೆ. ನೀರಲ್ಲಿ ನಿಂತು ಅದನ್ನು ಬೀಸಿ ಕಳೆಯನ್ನು ಬುಡಸಮೇತ ಸವರುತ್ತಾರೆ. ಮಣ್ಣಿನ ಮೇಲ್ಪದರ ಮಾತ್ರ ಕದಲುತ್ತದೆ. ಸವರಿದ ಕಳೆಯನ್ನು ಅಲ್ಲೇ ಕೊಳೆಯಲು ಬಿಟ್ಟು, ಉಂಡೆ ಕಟ್ಟುತ್ತಾರೆ. ಕೆಲವು ದಿನ ಬಿಟ್ಟು ಉಂಡೆಗಳನ್ನು ಮಗುಚುತ್ತಾರೆ. ಚೆನ್ನಾಗಿ ಕೊಳೆತ ಮೇಲೆ ಗದ್ದೆ ತುಂಬ ಹರಡುತ್ತಾರೆ. ಗೊಬ್ಬರವೂ ಆಯಿತು, ನೆಲ ಮುಚ್ಚಿದಂತೆಯೂ ಆಯಿತು. ಹೊರಗಿನಿಂದ ಒಂದು ಚೀಲ ತರಬೇಕಿಲ್ಲ. ಆದರೆ ಮೈಮುರಿಯುವ ಕೆಲಸ. ಬಿಸಿಲಿಗೆ ತಂಗುಯಿ ಎಂಬ ಅಗಲ ಗರಿಟೋಪಿ ಹಾಕಿಕೊಂಡು ವಾರಗಟ್ಟಲೆ ಬೀಸುತ್ತಲೇ ಇರಬೇಕು.

ಒಂದು ಪೈರಿಗೆ ಇಷ್ಟೊಂದು ನಾಟಿ ಯಾಕೆ?

ನಮ್ಮಲ್ಲಿ ಸಸಿ ಮಡಿ ಮಾಡಿ, ಮೂರು ನಾಲ್ಕು ವಾರಕ್ಕೆ ಕಿತ್ತು ಒಮ್ಮೆ ನಾಟಿ ಮಾಡಿದರೆ ಮುಗಿಯಿತು. ಉಬ್ಬರದ ನೆಲದಲ್ಲಿ ಅದು ಆಗುವುದಿಲ್ಲ. ಮಳೆಗಾಲದಲ್ಲಿ ಗದ್ದೆಯಲ್ಲಿ ಮೊಣಕಾಲು ಮುಳುಗುವಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ನೀರು. ಚಿಕ್ಕ ಸಸಿ ನೆಟ್ಟರೆ ಮುಳುಗಿ ಸಾಯುತ್ತದೆ. ನೀರು ಇಳಿಯುವವರೆಗೆ ಸಸಿಯನ್ನು ಬೇರೆಲ್ಲೋ ಬೆಳೆಸಿ ಎತ್ತರ ಮಾಡಿಕೊಳ್ಳಬೇಕು.

ಅದಕ್ಕೆ ಹಂತಗಳಿವೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮಳೆ ಶುರುವಾದಾಗ ಎತ್ತರದ ಒಣ ಜಾಗದಲ್ಲಿ ಕೋಲಿನಿಂದ ತೂತು ಮಾಡಿ ಬೀಜ ಹಾಕುತ್ತಾರೆ. ಇದು ತರಾದಕ್. ಒಂದು ತಿಂಗಳಿಗೂ ಜಾಸ್ತಿ ಕಳೆದ ಮೇಲೆ ಆ ಸಸಿಗಳನ್ನು ಕಿತ್ತು, ಗದ್ದೆಯ ಅಂಚಿನ ಸಣ್ಣ ಜಾಗದಲ್ಲಿ ನೆಡುತ್ತಾರೆ. ಇದು ಅಂಪಕ್. ಅಲ್ಲಿ ಒಂದೊಂದು ಸಸಿಯೂ ಕವಲೊಡೆದು ಹಲವಾಗುತ್ತದೆ. ಮತ್ತೆ ಒಂದು ತಿಂಗಳ ಮೇಲೆ ಅವನ್ನು ಬಿಡಿಸಿ, ಗದ್ದೆಯ ಇನ್ನಷ್ಟು ದೊಡ್ಡ ಭಾಗದಲ್ಲಿ ನೆಡುತ್ತಾರೆ. ಇದು ಲಾಚಕ್. ಅಲ್ಲಿ ಎರಡು ತಿಂಗಳ ಹತ್ತಿರ. ಕೊನೆಗೆ ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿಯುತ್ತಾ ಬಂದಾಗ ಇಡೀ ಗದ್ದೆಗೆ ನಾಟಿ. ಅಷ್ಟರಲ್ಲಿ ಸಸಿ ಎತ್ತರ, ಬುಡ ಗಟ್ಟಿ. ಕೆಸರಲ್ಲಿ ಮರದ ಗೂಟದಿಂದ ತೂತು ಮಾಡಿ ಒಳಗೆ ಇಳಿಸುತ್ತಾರೆ.

ಇದರಿಂದ ಸಿಗುವ ಇನ್ನೊಂದು ಲಾಭ ನೋಡಿ. ಪ್ರತಿ ಹಂತದಲ್ಲೂ ಸಸಿ ಹಲವು ಪಟ್ಟಾಗುವುದರಿಂದ ಒಂದು ಹೆಕ್ಟೇರಿಗೆ, ಅಂದರೆ ಎರಡೂವರೆ ಎಕರೆಗೆ, ಕೆಲವೇ ಕಿಲೋ ಬೀಜ ಸಾಕು. ಜೊತೆಗೆ ಕಳೆಗೆ ತಲೆ ಎತ್ತಲು ಅವಕಾಶವಿಲ್ಲ.

ಇಷ್ಟು ಕಾಯುವ ಭತ್ತವೂ ಅದಕ್ಕೆ ತಕ್ಕದ್ದೇ. ಸಿಯಾಮ್, ಬಾಯರ್, ಲೆಮೋ ಮುಂತಾದ ಹೆಸರಿನ ಸ್ಥಳೀಯ ತಳಿಗಳಿವು. ಸಿಯಾಮ್‌ನಲ್ಲೇ ಹಲವು ಬಗೆ, ಸಿಯಾಮ್ ಉನುಸ್ ಎಲ್ಲಕ್ಕಿಂತ ಹೆಸರಾದದ್ದು. ಇವು ಹಗಲಿನ ಉದ್ದ ನೋಡಿ ತೆನೆ ಬಿಡುವ ತಳಿಗಳು. ಬೇಗ ಬಿತ್ತಿದರೂ ತಡವಾಗಿ ಬಿತ್ತಿದರೂ ಹಗಲು ಕಿರಿದಾಗುವ ಕಾಲ ಬಂದಾಗಲೇ ಹೂವಾಗುತ್ತವೆ. ಹಾಗಾಗಿ ಜುಲೈನಿಂದ ಸೆಪ್ಟೆಂಬರ್ ಒಳಗೆ, ಒಣ ಹವೆಯಲ್ಲೇ, ಊರಿಗೆಲ್ಲ ಒಟ್ಟಿಗೆ ಕೊಯ್ಲು. ಹಿಂದೆ ಅಂಗೈಯಲ್ಲಿ ಹಿಡಿಯುವ ರಂಗಾಮನ್ ಎಂಬ ಪುಟ್ಟ ಕತ್ತಿಯಿಂದ ಒಂದೊಂದೇ ತೆನೆ ಕೊಯ್ಯುತ್ತಿದ್ದರು. ಈಗ ಕುಡುಗೋಲು ಬಂದಿದೆ. ನಾಟಿ, ಕೊಯ್ಲಿನಲ್ಲಿ ಹೆಂಗಸರ ದುಡಿಮೆ ದೊಡ್ಡದು. ಮನೆಯವರು ಸಾಲದಿದ್ದರೆ ಮುಯ್ಯಾಳು ಪದ್ಧತಿ ಇದೆ, ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ.

ಹೆಚ್ಚು ಇಳುವರಿ ಕೊಡುವ ತಳಿ ಯಾಕೆ ಬೇಡ?

ಸ್ಥಳೀಯ ತಳಿಗೆ ಹೆಕ್ಟೇರಿಗೆ ಎರಡರಿಂದ ಮೂರು ಟನ್ ಭತ್ತ ಸಿಗುತ್ತದೆ. ಸುಧಾರಿತ ತಳಿ ನಾಲ್ಕೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಕೊಡಬಲ್ಲದು, ವರ್ಷಕ್ಕೆ ಎರಡು ಬೆಳೆ ತೆಗೆಯಬಹುದು. ಲೆಕ್ಕದ ಪ್ರಕಾರ, ಸುಧಾರಿತ ತಳಿ ಹಾಕಿ ಎಂದು ಸರ್ಕಾರ ಹೇಳುವುದು ಸರಿ ಅನ್ನಿಸುತ್ತದೆ, ಅಲ್ವಾ?

ರೈತನ ಲೆಕ್ಕ ಬೇರೆ. ಗಿಡ್ಡ ತಳಿಗೆ ನೀರು ಹದವಾಗಿರಬೇಕು. ಹುಳಿ ಕಡಿಮೆ ಮಾಡಲು ಸುಣ್ಣ ಬೇಕು, ಗೊಬ್ಬರ ಬೇಕು, ಔಷಧಿ ಬೇಕು. ಇದೆಲ್ಲ ಸಾಲ. ನೀರು ಹೆಚ್ಚು ಬಂದರೆ ಬೆಳೆಯೂ ಹೋಯಿತು, ಸಾಲವೂ ಉಳಿಯಿತು. ಸ್ಥಳೀಯ ತಳಿಗೆ ಖರ್ಚು ಕಡಿಮೆ, ಹುಳಿ ಮಣ್ಣು ತಡೆದುಕೊಳ್ಳುತ್ತದೆ.

ಇನ್ನೊಂದು ಕಾರಣ ನಾಲಿಗೆಯದ್ದು. ಜಾವಾದವರಿಗೆ ಮೆತ್ತಗೆ ಅಂಟುವ ಅನ್ನ ಇಷ್ಟ. ಬಂಜಾರ್ ಜನಕ್ಕೆ ಉದುರು ಉದುರಾದ, ಸಣ್ಣ ಅಕ್ಕಿಯ ಅನ್ನವೇ ಆಗಬೇಕು. ಅದರ ಜೊತೆ ನಮ್ಮ ಕೊರವ ಮೀನಿನ ಜಾತಿಯ ಹರುವಾನ್ ಇದ್ದರೆ ಊಟ ಪೂರ್ತಿ. ಬಂಜಾರ್‌ಮಾಸಿನ್ ಮಾರುಕಟ್ಟೆಯಲ್ಲಿ ಸಿಯಾಮ್ ಅಕ್ಕಿಗೆ ಸುಧಾರಿತ ತಳಿಗಿಂತ ಹೆಚ್ಚು ಬೆಲೆ. ಕಡಿಮೆ ಬೆಳೆದರೂ ಕೈಗೆ ಹಣ ಬರುತ್ತದೆ.

ವಿಜ್ಞಾನಿಗಳು ಇದನ್ನು ಗಮನಿಸಿದ್ದಾರೆ. ಸಿಯಾಮ್ ಉನುಸ್ ರುಚಿಯನ್ನು ಬೇಗ ಬೆಳೆಯುವ ತಳಿಗೆ ಕೂಡಿಸಲು ಹೋಗಿ ಬಂದದ್ದೇ 2000ದಲ್ಲಿ ಬಿಡುಗಡೆಯಾದ ಮಾರ್ಗಸಾರಿ ಮತ್ತು ಮಾರ್ತಪುರ ತಳಿಗಳು. ಎರಡೂ ಒಳ್ಳೆ ಪ್ರಯತ್ನ. ಹಾಗಂತ ಹಳೇ ತಳಿಗಳು ಗದ್ದೆ ಬಿಟ್ಟು ಹೋಗಲಿಲ್ಲ.

ಉಳಿದ ತಿಂಗಳು ಹೊಟ್ಟೆಪಾಡು

ವರ್ಷಕ್ಕೊಂದು ಬೆಳೆ ಅಂದರೆ ವರ್ಷಕ್ಕೊಮ್ಮೆ ದುಡ್ಡು. ನಡುವೆ ಬದುಕಲು ಹತ್ತು ಕೆಲಸ. ಬೇಸಿಗೆಯಲ್ಲಿ ನೀರು ಇಳಿಯುವಾಗ ಮೀನು ಬಂದು ಸೇರಲಿ ಎಂದು ತೋಡಿದ ಹೊಂಡಗಳಿಗೆ ಬೇಜೆ ಎನ್ನುತ್ತಾರೆ. ಹೆಂಗಸರು ಪುರುನ್ ಎಂಬ ಜೊಂಡಿನಿಂದ ಚಾಪೆ, ಬುಟ್ಟಿ ಹೆಣೆಯುತ್ತಾರೆ. ಗಂಡಸರು ಗಲಾಮ್ ಮರದ ಗಳ ಕಡಿದು ಕಟ್ಟಡ ಕೆಲಸಕ್ಕೆ ಮಾರುತ್ತಾರೆ.

ಎಲ್ಲಕ್ಕಿಂತ ಕೈ ಹಿಡಿದಿರುವುದು ಕಿತ್ತಳೆ. ಗದ್ದೆಯ ನಡುವೆ ಮಣ್ಣು ಎತ್ತಿ ಉದ್ದ ದಿಣ್ಣೆ ಮಾಡಿ, ಅದರ ಮೇಲೆ ಸಿಯಾಮ್ ಬಂಜಾರ್ ಎಂಬ ಕಿತ್ತಳೆ ಗಿಡ ನೆಡುತ್ತಾರೆ. ತಗ್ಗಿನಲ್ಲಿ ಭತ್ತ, ದಿಣ್ಣೆಯಲ್ಲಿ ಹಣ್ಣು. ದಿಣ್ಣೆಯನ್ನು ಒಂದೇ ಸಲ ಎತ್ತುವುದಿಲ್ಲ. ಮೊದಲು ಗಿಡಕ್ಕೊಂದು ಗುಡ್ಡೆ, ಆಮೇಲೆ ವರ್ಷ ವರ್ಷ ಮೇಲ್ಮಣ್ಣು ಸೇರಿಸಿ ಗುಡ್ಡೆಗಳನ್ನು ಕೂಡಿಸುತ್ತಾರೆ. ಕೆಳಗಿನ ಪೈರೈಟ್ ಮಣ್ಣು ಮೇಲೆ ಬಾರದಿರಲಿ ಎಂಬ ಅದೇ ಎಚ್ಚರ ಇಲ್ಲೂ ಇದೆ.

ತುರ್ತು ಬಂದಾಗ ಜಮೀನನ್ನು ಭೋಗ್ಯಕ್ಕೆ ಹಾಕುವುದೂ ಉಂಟು. ಅಲ್ಲಿ ಅದಕ್ಕೆ ಸಂಡಾ ಎನ್ನುತ್ತಾರೆ. ಸಾಲ ತೀರಿಸುವವರೆಗೆ ಹಣ ಕೊಟ್ಟವನು ಅದರಲ್ಲಿ ಬೇಸಾಯ ಮಾಡುತ್ತಾನೆ. ಮದುವೆ, ಕಾಯಿಲೆ, ಮಕ್ಕಳ ಓದು ಇವೆಲ್ಲ ಹೀಗೆ ನಡೆಯುತ್ತವೆ. ಹಜ್ ಯಾತ್ರೆಯ ಆಸೆಯಂತೂ ಬಂಜಾರ್ ಮನೆಗಳಲ್ಲಿ ಬಲವಾದದ್ದು. ಹೆಸರು ನೋಂದಾಯಿಸಿದ ಮೇಲೆ ದಶಕಗಳ ಕಾಲ ಸರದಿ ಕಾಯಬೇಕು. ಗದ್ದೆಯ ದುಡ್ಡಲ್ಲಿ ಸ್ವಲ್ಪ ಸ್ವಲ್ಪ ಕೂಡಿಟ್ಟು ಹೆಸರು ಬರೆಸಿದವರು ಊರೂರಲ್ಲಿ ಇದ್ದಾರೆ.

ಊರು ಬಿಟ್ಟು ಹೋಗುವುದು ಹೊಸದೇನಲ್ಲ. 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲ ಭಾಗದಲ್ಲಿ ಬಹಳ ಬಂಜಾರ್ ಕುಟುಂಬಗಳು ಸುಮಾತ್ರಾದ ತೆಂಬಿಲಾಹನ್‌ಗೂ, ಮಲೇಷ್ಯಾದ ಪೆರಾಕ್, ಸೆಲಂಗೋರ್, ಜೋಹೋರ್‌ಗಳಿಗೂ ಹೋದವು. ಅಲ್ಲಿಯೂ ಹುಡುಕಿದ್ದು ಜೌಗನ್ನೇ. ಕಾಲುವೆ ತೋಡಿ ಭತ್ತ, ತೆಂಗು ಬೆಳೆದರು. ಜೌಗಿನಲ್ಲಿ ಬೇಸಾಯ ಮಾಡುವ ವಿದ್ಯೆಯೇ ಅವರ ಬಂಡವಾಳವಾಗಿತ್ತು.

ಹತ್ತು ಲಕ್ಷ ಹೆಕ್ಟೇರಿನ ಪಾಠ

1995ರಲ್ಲಿ ಅಧ್ಯಕ್ಷ ಸುಹಾರ್ತೋ ಒಂದು ಆದೇಶ ಹೊರಡಿಸಿದರು. ಪಕ್ಕದ ಮಧ್ಯ ಕಾಲಿಮಂತಾನ್ ಪ್ರಾಂತ್ಯದಲ್ಲಿ ಹತ್ತು ಲಕ್ಷ ಹೆಕ್ಟೇರ್ ಪೀಟ್ ಜೌಗನ್ನು ಭತ್ತದ ಗದ್ದೆ ಮಾಡುವ ಯೋಜನೆ. ಕಾಡು ಕಡಿದರು. 4,000 ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆ ತೋಡಿದರು. ಆಳವಾದ, ಅಗಲವಾದ, ನೇರ ಕಾಲುವೆಗಳು. ಜಾವಾದಿಂದ ಸಾವಿರಾರು ಕುಟುಂಬಗಳನ್ನು ತಂದು ಕೂರಿಸಿದರು.

ಆದದ್ದನ್ನು ನೀವು ಈಗಾಗಲೇ ಊಹಿಸಿರುತ್ತೀರಿ. ನೀರು ಬಸಿಯಿತು. ಪೀಟ್ ಒಣಗಿ ಕುಸಿಯಿತು. ಅಡಿಯ ಮಣ್ಣು ಹುಳಿಯಾಯಿತು. 1997ರ ಬರದಲ್ಲಿ ಒಣ ಪೀಟ್ ಹೊತ್ತಿ ಉರಿಯಿತು. ಪೀಟ್ ಬೆಂಕಿ ನೆಲದೊಳಗೆ ಸಾಗುತ್ತದೆ, ಮೇಲೆ ನೀರು ಸುರಿದರೂ ಆರುವುದಿಲ್ಲ. ಹೊಗೆ ಪಕ್ಕದ ದೇಶಗಳನ್ನೂ ಮುಚ್ಚಿತು. 1999ರಲ್ಲಿ ಯೋಜನೆ ನಿಂತಿತು. ಬಂದ ಕುಟುಂಬಗಳಲ್ಲಿ ಬಹಳಷ್ಟು ಜಾಗ ಬಿಟ್ಟು ಹೋದವು.

ಬಂಜಾರ್ ಮತ್ತು ಪಕ್ಕದ ದಾಯಕ್ ಬುಡಕಟ್ಟಿನ ರೈತರು ಆಳ ಪೀಟ್ ಇರುವ ಕಡೆ ಭತ್ತಕ್ಕೆ ಕೈ ಹಾಕುತ್ತಿರಲಿಲ್ಲ. ನದಿಯಿಂದ ಉಬ್ಬರ ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಗೆ ಅವರ ಹಂಡಿಲ್ ನಿಲ್ಲುತ್ತಿತ್ತು. ಇದನ್ನು ಯಾರಾದರೂ ಅವರನ್ನು ಕೇಳಿದ್ದರೆ ಸಾಕಿತ್ತು. 2020ರಲ್ಲಿ ಅದೇ ಪ್ರದೇಶದಲ್ಲಿ ಮತ್ತೊಂದು ಆಹಾರ ಯೋಜನೆ ಶುರುವಾಯಿತು. ಅದಕ್ಕೂ ಮುಂಚೆ, 2018ರಲ್ಲಿ, ಬಾರಿತೋ ಕುವಾಲಾದ ಜೆಜಾಂಗ್ಕಿತ್‌ನಲ್ಲಿ ಜೌಗನ್ನು ಯಂತ್ರದಿಂದ ಗದ್ದೆ ಮಾಡಿ ವಿಶ್ವ ಆಹಾರ ದಿನ ಆಚರಿಸಿದ್ದರು. ಯೋಜನೆಗಳ ಹೆಸರು ಬದಲಾಗುತ್ತದೆ, ಅಡಿಯ ಜೇಡಿ ಅದೇ ಇರುತ್ತದೆ.

ಈಗ ಕಷ್ಟ ಎಲ್ಲಿದೆ?

ಮೊದಲನೆಯದು ಕೈಗಳ ಕೊರತೆ. ತಾಜಕ್ ಬೀಸುವುದು, ಮತ್ತೆ ಮತ್ತೆ ನಾಟಿ ಮಾಡುವುದು ವಯಸ್ಸಾದವರಿಗೆ ಬಿಟ್ಟ ಕೆಲಸವಾಗುತ್ತಿದೆ. ಓದಿದ ಹುಡುಗರು ಬಂಜಾರ್‌ಮಾಸಿನ್‌ನಲ್ಲಿ ಅಂಗಡಿ ಸೇರುತ್ತಾರೆ, ಕಲ್ಲಿದ್ದಲು ಗಣಿಗೆ ಹೋಗುತ್ತಾರೆ, ತಾಳೆ ತೋಟದಲ್ಲಿ ಸಂಬಳಕ್ಕೆ ನಿಲ್ಲುತ್ತಾರೆ. ಹುಡುಗಿಯರಿಗೂ ಕೆಸರಿಗಿಂತ ಪೇಟೆ ಮೇಲು ಅನ್ನಿಸುವುದರಲ್ಲಿ ತಪ್ಪೇನಿದೆ? ಕೆಲಸ ಉಳಿಸಲು ಕಳೆನಾಶಕ ಬಂದಿದೆ. ಸಿಂಪಡಿಸಿದರೆ ಕಳೆ ಸಾಯುತ್ತದೆ. ಆದರೆ ಅದೇ ನೀರಲ್ಲಿ ಮೀನಿದೆ, ಅದೇ ಕಾಲುವೆಯಲ್ಲಿ ಸ್ನಾನವಿದೆ. ಕೊಯ್ಲು ಯಂತ್ರ ತರೋಣವೆಂದರೆ ಮೆತ್ತನೆ ನೆಲದಲ್ಲಿ ಹೂತುಹೋಗುತ್ತದೆ. ಎತ್ತರದ ಸಿಯಾಮ್ ಪೈರು ಬಾಗಿ ಮಲಗಿದ್ದರೆ ಯಂತ್ರಕ್ಕೆ ಸಿಗುವುದೂ ಇಲ್ಲ.

ಎರಡನೆಯದು ಮೇಲಿನ ನೆಲ. ದಕ್ಷಿಣ ಕಾಲಿಮಂತಾನ್ ಕಲ್ಲಿದ್ದಲಿನ ನಾಡು. ಬಾರಿತೋದಲ್ಲಿ ಕಲ್ಲಿದ್ದಲು ತುಂಬಿದ ದೊಡ್ಡ ದೊಡ್ಡ ದೋಣಿಗಳು ಸಾಲಾಗಿ ಸಾಗುತ್ತವೆ. ಇಂಡೋನೇಷ್ಯಾದ ಕಲ್ಲಿದ್ದಲು ಜಾಸ್ತಿ ಕೊಳ್ಳುವ ದೇಶಗಳಲ್ಲಿ ಭಾರತವೂ ಇದೆ. ಉಡುಪಿ ಜಿಲ್ಲೆಯ ಎಲ್ಲೂರಿನ ವಿದ್ಯುತ್ ಸ್ಥಾವರ ನಡೆಯುವುದೇ ಆಮದು ಕಲ್ಲಿದ್ದಲಿನಿಂದ. ಅಲ್ಲಿಯ ತಾಳೆ ಎಣ್ಣೆಯೂ ನಮ್ಮ ಅಡುಗೆಮನೆ, ಬಿಸ್ಕತ್ತು, ಸಾಬೂನಿಗೆ ಬರುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಕೆಲವು ವಾರ ಅದರ ರಫ್ತು ನಿಲ್ಲಿಸಿದಾಗ ನಮ್ಮಲ್ಲಿ ಎಣ್ಣೆ ಬೆಲೆ ಸುದ್ದಿಯಾಗಿದ್ದು ನೆನಪಿರಬಹುದು. ಗಣಿ, ತೋಟಕ್ಕಾಗಿ ಮೇಲಿನ ಕಾಡು ಹೋದರೆ ಮಳೆನೀರು ನಿಲ್ಲದೆ ಕೆಳಗೆ ನುಗ್ಗುತ್ತದೆ. 2021ರ ಜನವರಿಯಲ್ಲಿ ಪ್ರಾಂತ್ಯದ ಬಹುಪಾಲು ಜಿಲ್ಲೆಗಳು ಮುಳುಗಿದವು. ಸುರಿದ ಮಳೆ ತೀರಾ ಜಾಸ್ತಿ ಎಂಬುದು ನಿಜ. ಕಾಡು ಕಳೆದುಕೊಂಡ ಬೆಟ್ಟ ಅದನ್ನು ಇನ್ನಷ್ಟು ಕೆಟ್ಟದಾಗಿಸಿತು ಎಂದು ಪರಿಸರದವರು ಹೇಳಿದರು. ಆ ಹೊತ್ತಿಗೆ ಸಸಿ ಗದ್ದೆಯಲ್ಲಿತ್ತು.

ಬರದ ವರ್ಷಗಳಲ್ಲಿ ಇದಕ್ಕೆ ತಿರುಗುಮುರುಗು. 2015, 2019, 2023ರಲ್ಲಿ ನದಿ ಬತ್ತಿದಾಗ ಉಬ್ಬರದ ಜೊತೆ ಉಪ್ಪು ಒಳಗೆ ಬಂತು. ಕುಡಿಯುವ ನೀರಿಗೆ ಮಳೆನೀರಿನ ಡ್ರಮ್ಮು, ಅದು ಮುಗಿದರೆ ಕೊಂಡ ನೀರು. ಪೀಟ್‌ಗೆ ಬೆಂಕಿ ಬಿದ್ದು ಶಾಲೆಗಳು ಹೊಗೆಯಲ್ಲಿ ಮುಚ್ಚಿದವು.

ಮೂರನೆಯದು ರೋಗ. ಹಸಿರು ಜಿಗಿಹುಳು ಹರಡುವ ತುಂಗ್ರೋ ಎಂಬ ವೈರಸ್ಸಿಗೆ ಪೈರು ಕುಳ್ಳಾಗಿ ಹಳದಿ ಕೆಂಪಾಗುತ್ತದೆ. ತಿಂಗಳುಗಟ್ಟಲೆ ಗದ್ದೆಯಲ್ಲಿರುವ ಸಸಿಗೆ ಅಪಾಯವೂ ತಿಂಗಳುಗಟ್ಟಲೆ.

ಮುಂದೆ ಏನಾಗಬಹುದು?

ಹಳ್ಳಿಗೆ ಸ್ವಲ್ಪ ಬಲ ಬಂದಿದೆ. 2014ರ ಗ್ರಾಮ ಕಾಯ್ದೆಯ ನಂತರ, 2015ರಿಂದ ಕೇಂದ್ರ ಸರ್ಕಾರದ ಹಣ ಹಳ್ಳಿಯ ಖಾತೆಗೇ ಬರುತ್ತದೆ. ಚುನಾಯಿತ ಮುಖ್ಯಸ್ಥ ಮತ್ತು ಊರಿನ ಸಭೆ ಸೇರಿ ಖರ್ಚು ತೀರ್ಮಾನಿಸಬೇಕು. ಮುಖ್ಯಸ್ಥನ ಅವಧಿ 2024ರ ತಿದ್ದುಪಡಿಯಲ್ಲಿ ಆರು ವರ್ಷದಿಂದ ಎಂಟಕ್ಕೆ ಏರಿದೆ. ಈ ಹಣದಲ್ಲಿ ರಸ್ತೆ, ಸೇತುವೆ ಬಂದಿವೆ. 2022ರಲ್ಲಿ ಐದನೇ ಒಂದು ಭಾಗವನ್ನಾದರೂ ಆಹಾರ ಬೆಳೆಗೆ ಇಡಬೇಕು ಎಂಬ ನಿಯಮವೂ ಬಂತು. ನನ್ನ ದೃಷ್ಟಿಯಲ್ಲಿ ಆ ಹಣಕ್ಕೆ ಒಳ್ಳೆ ಜಾಗ ಹಂಡಿಲಿನ ಹೂಳು ಮತ್ತು ತಾಬತ್. ಮಣ್ಣಿನ ತಡೆಯ ಬದಲು ಏರಿಸಿ ಇಳಿಸುವ ಗಟ್ಟಿ ತೂಬು ಇದ್ದರೆ ಬೇಸಿಗೆಯಲ್ಲಿ ನೀರು ಹಿಡಿಯಬಹುದು, ಮಳೆಗಾಲದ ಮೊದಲ ಹುಳಿನೀರನ್ನು ಬಿಡಬಹುದು.

ಬೆಳೆಯಲ್ಲೂ ನಡುದಾರಿ ಇದೆ. ಸ್ಥಳೀಯ ಭತ್ತದ ಸಸಿಗಳು ಗದ್ದೆಯ ಒಂದು ಮೂಲೆಯಲ್ಲಿ ಅಂಪಕ್, ಲಾಚಕ್ ಹಂತದಲ್ಲಿರುವಾಗ ಉಳಿದ ಗದ್ದೆ ಖಾಲಿ ಇರುತ್ತದಲ್ಲ, ಅಲ್ಲಿ ಬೇಗ ಬರುವ ಸುಧಾರಿತ ತಳಿ ಹಾಕಿ ಕೊಯ್ಯುವುದು. ಆಮೇಲೆ ಎಂದಿನಂತೆ ಸಿಯಾಮ್ ನಾಟಿ. ಇದನ್ನು ಸಾವಿತ್ ದೂಪಾ ಎನ್ನುತ್ತಾರೆ. ಮನೆಯ ಖರ್ಚಿಗೆ, ಸರ್ಕಾರದ ಲೆಕ್ಕಕ್ಕೆ ಒಂದು ಬೆಳೆ, ಮಾರುಕಟ್ಟೆಗೆ ಇನ್ನೊಂದು. ಆದರೆ ಇದು ಎಲ್ಲ ಗದ್ದೆಗೂ ಒಗ್ಗುವುದಿಲ್ಲ. ದಿನವೂ ಉಬ್ಬರ ಮುಟ್ಟುವ ಗದ್ದೆ, ಅಮಾವಾಸ್ಯೆ ಹುಣ್ಣಿಮೆಗೆ ಮಾತ್ರ ಮುಟ್ಟುವ ಗದ್ದೆ, ನೀರು ಹತ್ತದೆ ನೆಲದಡಿ ತೇವ ಮಾತ್ರ ಇರುವ ಗದ್ದೆ ಎಂದು ಅಲ್ಲಿ ದರ್ಜೆಗಳಿವೆ. ಮೊದಲ ಎರಡಕ್ಕೆ ಇದು ಸರಿ, ಅದೂ ನೀರಿನ ಹಿಡಿತ ಇದ್ದರೆ. ಮೂರನೆಯದಕ್ಕೆ ಕಿತ್ತಳೆ ದಿಣ್ಣೆ ಮೇಲು.

ಪೂರ್ವ ಕಾಲಿಮಂತಾನ್‌ನಲ್ಲಿ ನುಸಂತಾರಾ ಎಂಬ ಹೊಸ ರಾಜಧಾನಿ ಕಟ್ಟುತ್ತಿದ್ದಾರೆ. ಅಲ್ಲಿ ಜನ ಬಂದಷ್ಟೂ ಅಕ್ಕಿ, ಹಣ್ಣು, ಬಾತುಮೊಟ್ಟೆಗೆ ಗಿರಾಕಿ ಹೆಚ್ಚು. ಆ ವ್ಯಾಪಾರದ ಲಾಭ ಹಂಡಿಲ್ ದಂಡೆಯವರೆಗೂ ಬರಬೇಕಾದರೆ ರೈತರು ಭತ್ತವನ್ನು ಕೊಯ್ಲಿನ ದಿನವೇ ದಲ್ಲಾಳಿಗೆ ಮಾರದೆ ಇಟ್ಟುಕೊಳ್ಳುವಂತಾಗಬೇಕು. ಅದಕ್ಕೆ ಊರಲ್ಲೇ ಗೋದಾಮು, ಗಿರಣಿ, ಸಣ್ಣ ಸಾಲ ಬೇಕು. ಹಳ್ಳಿಯ ಉದ್ದಿಮೆ ಎಂದು ಕಾನೂನಿನಲ್ಲಿ ಅವಕಾಶವಿದೆ, ಕೆಲವೆಡೆ ನಡೆಯುತ್ತಿದೆ, ಹಲವೆಡೆ ಬೋರ್ಡಿಗೆ ನಿಂತಿದೆ.

ಇದರಲ್ಲಿ ಹಳ್ಳಿಯ ಕೈಲಿರುವುದು ಅದರ ಹಂಡಿಲ್ ಮಾತ್ರ. ಪಕ್ಕದ ತಾಳೆ ತೋಟ ಆಳದ ಕಾಲುವೆ ತೋಡಿದರೆ ರೈತರು ಕಟ್ಟಿದ ತಾಬತ್ ಕೆಲಸಕ್ಕೆ ಬಾರದು, ನೀರು ನೆಲದಡಿಯಿಂದಲೇ ಆ ಕಡೆ ಬಸಿಯುತ್ತದೆ. ತೋಟಕ್ಕೆ ಪರವಾನಗಿ ಕೊಡುವವರು ಜಿಲ್ಲೆಯಲ್ಲೋ, ರಾಜಧಾನಿಯಲ್ಲೋ ಕೂತಿರುತ್ತಾರೆ. ಆ ಕಾಗದಕ್ಕೆ ಸಹಿ ಹಾಕುವ ಮುಂಚೆ ಸುತ್ತಲಿನ ಹಂಡಿಲ್ ಮುಖ್ಯಸ್ಥರನ್ನು ಕರೆದು ನೀರಿನ ಮಟ್ಟ ಎಷ್ಟಿರಬೇಕು ಎಂದು ಕೇಳುವುದು ಕಷ್ಟದ ಕೆಲಸವೇನಲ್ಲ.